ಎಲೆ ಉದುರಿಸಿದ ಗುಡ್ಡದಲ್ಲಿ ಎಳೆಯ ಗಿಡ ಹುಡುಕುತ್ತ

ಯುಗಾದಿ ಮುಗಿದು ಎಂಟು ದಿನವಾಗಿತ್ತು. ಕೊಪ್ಪಳದ ರೈಲು ನಿಲ್ದಾಣದಲ್ಲಿ ನಸುಕಿಗೇ ಇಳಿದ ಪ್ರವಾಸಿಗನ ಚೀಲದಲ್ಲಿ ಎರಡು ಬಾಟಲಿ ನೀರು, ಒಂದು ಟವೆಲು, ಮನೆಯವರು ಕಟ್ಟಿಕೊಟ್ಟ ಹೋಳಿಗೆ ಇದ್ದವು. ಇವುಗಳ ಜೊತೆಗೆ, ಈ ಸೀಮೆಗೂ ತನಗೂ ಬಾದರಾಯಣ ಸಂಬಂಧವಷ್ಟೇ ಎಂಬಂತೆ, ಒಂದು ಸಂಶೋಧನಾ ಪ್ರಬಂಧದ ಪ್ರತಿಯೂ ಇತ್ತು. 2018ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಬಂದ ಪ್ರಬಂಧ. ಸೊಮರ್‌ಫೆಲ್ಡ್, ಸೆನ್ಫ್, ಸೈಡಲ್ ಮತ್ತು ಅವರ ಜೊತೆಗಾರರು ಸಮಶೀತೋಷ್ಣ ವಲಯದ 50 ಸಂರಕ್ಷಿತ ಕಾಡುಗಳನ್ನು ಆರಿಸಿಕೊಂಡು, 2001ರಿಂದ 2014ರವರೆಗೆ ಅವುಗಳ ಮೇಲೆ ಬಿದ್ದ ದೊಡ್ಡ ಪೆಟ್ಟುಗಳನ್ನು ಉಪಗ್ರಹದ ಕಣ್ಣಿನಿಂದ ಲೆಕ್ಕ ಹಾಕಿದ್ದರು. ಬಿರುಗಾಳಿ, ಕಾಳ್ಗಿಚ್ಚು, ತೊಗಟೆ ಕೊರೆಯುವ ಹುಳು ಹೀಗೆ ಪೆಟ್ಟಿನ ಬಗೆ ಬೇರೆ ಬೇರೆಯಾದರೂ, ಕಾಡು ಹೆಚ್ಚು ನೊಂದ ಕಾಲ ಬಹುಮಟ್ಟಿಗೆ ವಾಡಿಕೆಗಿಂತ ಬೆಚ್ಚಗಿನ, ವಾಡಿಕೆಗಿಂತ ಒಣಗಿದ ಕಾಲವೇ ಆಗಿತ್ತೆಂದು ಅವರು ಕಂಡುಕೊಂಡರು.

ಬೆಚ್ಚಗಿನ, ಒಣಗಿದ ಕಾಲ! ಪ್ಲಾಟ್‌ಫಾರ್ಮಿನ ಮೇಲೆ ನಿಂತು ಟವೆಲನ್ನು ತಲೆಗೆ ಸುತ್ತಿಕೊಳ್ಳುತ್ತಿದ್ದವನಿಗೆ ಆ ಸಾಲು ನೆನಪಾಗಿ ನಗು ಬಂತು. ಅಲ್ಲಿನವರಿಗೆ ಅದು ಅಪರೂಪದ ವರ್ಷ. ಕೊಪ್ಪಳಕ್ಕೆ ಅದು ಏಪ್ರಿಲ್.

ಆದರೂ ಪ್ರಬಂಧವನ್ನು ಅವನು ಹೊತ್ತು ತಂದದ್ದಕ್ಕೆ ಕಾರಣವಿತ್ತು. ಇಂಗ್ಲೆಂಡಿನ ಓಕ್, ಜರ್ಮನಿಯ ಬೀಚ್, ಅಮೆರಿಕದ ಮೇಪಲ್ ಎಲ್ಲವೂ ಅಗಲ ಎಲೆಯ ಮರಗಳು, ವರ್ಷಕ್ಕೊಮ್ಮೆ ಬೆತ್ತಲಾಗುವಂಥವು. ನಮ್ಮ ಬಯಲುಸೀಮೆಯ ಗುಡ್ಡದ ಮರಗಳೂ ಅಗಲ ಎಲೆಯವೇ, ಅವೂ ವರ್ಷಕ್ಕೊಮ್ಮೆ ಬೆತ್ತಲಾಗುತ್ತವೆ. ಅಲ್ಲಿ ಚಳಿಗೆ ಹೆದರಿ, ಇಲ್ಲಿ ಬಾಯಾರಿಕೆಗೆ ಹೆದರಿ. ಎಲೆ ಎಂಬ ಈ ಒಂದು ಸಂಗತಿಯೇ ಕಾಡಿನ ಹಣೆಬರಹವನ್ನು ಎಷ್ಟು ತಿದ್ದಬಲ್ಲದು ಎಂಬುದಕ್ಕೆ 1987ರ ಅಕ್ಟೋಬರ್ 15-16ರ ರಾತ್ರಿ ಸಾಕ್ಷಿ. ಅಂದು ದಕ್ಷಿಣ ಇಂಗ್ಲೆಂಡಿಗೆ ನುಗ್ಗಿದ ಬಿರುಗಾಳಿ ಸುಮಾರು 1.5 ಕೋಟಿ ಮರಗಳನ್ನು ಕೆಡವಿತು. ಗಾಳಿಯ ಜೋರು ಒಂದೇ ಅದಕ್ಕೆ ಕಾರಣವಾಗಿರಲಿಲ್ಲ. ಮಳೆಯಿಂದ ನೆಲ ನೆನೆದು ಬೇರಿನ ಹಿಡಿತ ಸಡಿಲವಾಗಿತ್ತು, ಮರಗಳು ಇನ್ನೂ ಎಲೆ ಉದುರಿಸಿರಲಿಲ್ಲ. ತುಂಬು ಎಲೆಯ ಮರ ಹಾಯಿ ಬಿಚ್ಚಿದ ದೋಣಿಯಂತೆ ಗಾಳಿಗೆ ಎದೆಯೊಡ್ಡಿತು. ಅದೇ ಗಾಳಿ ಡಿಸೆಂಬರಿನಲ್ಲಿ ಬಂದಿದ್ದರೆ ಉಳಿಯುತ್ತಿದ್ದ ಮರಗಳೆಷ್ಟೋ. 1938ರ ಸೆಪ್ಟೆಂಬರ್ 21ರಂದು ಅಮೆರಿಕದ ನ್ಯೂ ಇಂಗ್ಲೆಂಡಿಗೆ ಅಪ್ಪಳಿಸಿದ ಚಂಡಮಾರುತಕ್ಕೂ ಮರಗಳು ಸಿಕ್ಕಿದ್ದು ಹಸಿರಲ್ಲೇ.

ಹೀಗಾಗಿ ಅಲ್ಲಿ ಪೆಟ್ಟು ಬಿದ್ದದ್ದು ಕಣ್ಣಿಗೆ ಕಾಣುತ್ತದೆ. ಮಲಗಿದ ಮರಗಳನ್ನು ಎಣಿಸಬಹುದು. ಮರ ಮಲಗದೆ ಬತ್ತಿದರೂ ಕಾಣುತ್ತದೆ. 2018ರ ಬೇಸಿಗೆಯ ಬರದಲ್ಲಿ ಮಧ್ಯ ಯುರೋಪಿನ ಬೀಚ್ ಮರಗಳು ಆಗಸ್ಟಿನಲ್ಲೇ ಕಂದಾದವು. ಜರ್ಮನಿಯ ಥುರಿಂಗಿಯಾದ ಹೈನಿಶ್ ಕಾಡು, ಯುನೆಸ್ಕೊ ಪಟ್ಟಿಯಲ್ಲಿರುವ ಬೀಚ್ ಕಾಡು, ಮುಂದಿನ ವರ್ಷಗಳಲ್ಲಿ ನೆತ್ತಿ ಒಣಗಿದ ಮರಗಳಿಂದ ತುಂಬಿತು. ಮರ ನೀರನ್ನು ಮೇಲೆತ್ತುವುದು ಎಲೆಯ ಎಳೆತದಿಂದ. ಮಣ್ಣು ಒಣಗಿದಾಗಲೂ ಎಲೆ ಎಳೆಯುತ್ತಲೇ ಇದ್ದರೆ ಕೊಳವೆಯೊಳಗಿನ ನೀರಿನ ಎಳೆ ತುಂಡಾಗಿ ಗಾಳಿಗುಳ್ಳೆ ಹೊಗುತ್ತದೆ. ಬೋರ್‌ವೆಲ್ಲಿನ ಪಂಪು ಕೆಸರು ಬಿಟ್ಟು ಗಾಳಿ ಉಗುಳುವುದನ್ನು ಕಂಡ ಕುಷ್ಟಗಿಯ ರೈತನಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

*

ಗವಿಮಠದ ಗುಡ್ಡ ಹತ್ತುವ ಹೊತ್ತಿಗೆ ಬಿಸಿಲು ಬಲಿತಿತ್ತು. ಜನವರಿಯಲ್ಲಿ ಗವಿಸಿದ್ಧೇಶ್ವರನ ಜಾತ್ರೆಗೆ ಲಕ್ಷಾಂತರ ಜನ ಸೇರುವ ಜಾಗ ಈಗ ಬಿಕೋ ಎನ್ನುತ್ತಿತ್ತು. ಮೇಲಿಂದ ನೋಡಿದರೆ ಒಂದು ಕಡೆ ಕೋಟೆಯ ಬೆಟ್ಟ, ಇನ್ನೊಂದು ಕಡೆ ಕಾರ್ಖಾನೆಗಳ ಹೊಗೆಯ ಗೆರೆ. ಗುಡ್ಡದ ಬಂಡೆಗಳ ನಡುವೆ ಚುಜ್ಜಲು, ಕಗ್ಗಲಿ, ಬಂದರಿಕೆ, ಕಳ್ಳಿ. ಕಳ್ಳಿ, ಬಂದರಿಕೆಗಳನ್ನು ಬಿಟ್ಟರೆ ಉಳಿದವೆಲ್ಲ ಕಡ್ಡಿಯ ಕಟ್ಟುಗಳಂತಿದ್ದವು.

ಇಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವಿದೆ, ಪಾಲ್ಕಿಗುಂಡಿನಲ್ಲಿ ಇನ್ನೊಂದಿದೆ. ಎರಡೂ ಅವನ ಕಿರು ಶಾಸನಗಳು, ಧರ್ಮದ ಮಾತಾಡುವಂಥವು. ಕಾಡಿನ ಬಗ್ಗೆ ಅವನು ಹೇಳಿದ್ದು ಉತ್ತರದ ಸ್ತಂಭ ಶಾಸನದಲ್ಲಿ: ಕಾರಣವಿಲ್ಲದೆ ಕಾಡಿಗೆ ಬೆಂಕಿ ಇಡಬಾರದೆಂದು. ಆ ಸಾಲುಗಳನ್ನು ಇಲ್ಲಿ ಕೆತ್ತಿಸಿದ್ದರೆ ಹೆಚ್ಚು ಉಪಯೋಗವಿತ್ತೇನೋ ಎಂದು ಪ್ರವಾಸಿಗನಿಗೆ ಅನಿಸಿದ್ದು, ಗುಡ್ಡದ ಪಡುವಣ ಇಳಿಜಾರಿನಲ್ಲಿ ಹುಲ್ಲು ಸುಟ್ಟ ಕಪ್ಪು ಪಟ್ಟಿ ಕಂಡಾಗ.

ಅಲ್ಲೇ ಕೂತು ಪ್ರಬಂಧ ತೆರೆದ. ಅದರ ಲೆಕ್ಕವೆಲ್ಲ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳ ಮೇಲೆ ನಿಂತದ್ದು. ನೆಲವನ್ನು 30 ಮೀಟರಿನ ಚೌಕಗಳಾಗಿ ಹೆಚ್ಚಿ, ಯಾವ ಚೌಕದಲ್ಲಿ ಹಸಿರು ಚಪ್ಪರ ಹೋಯಿತೋ ಅಲ್ಲಿ ಕಾಡಿಗೆ ಪೆಟ್ಟು ಬಿತ್ತೆಂದು ಬರೆದುಕೊಳ್ಳುವ ಕ್ರಮ. ತಂಪು ನಾಡಿನ ದಟ್ಟ ಕಾಡಿಗೆ ಒಪ್ಪುವ ಲೆಕ್ಕವೇ. ಇಲ್ಲಿ ಮಾತ್ರ ಚಪ್ಪರ ಪ್ರತಿವರ್ಷ ಶಿವರಾತ್ರಿಯಿಂದಾಚೆಗೆ ಹೋಗಿಯೇ ಹೋಗುತ್ತದೆ, ಮತ್ತೆ ಬರುತ್ತದೆ. ಬತ್ತಿದ ಮರಕ್ಕೂ ಬೆತ್ತಲೆ ಮರಕ್ಕೂ ವ್ಯತ್ಯಾಸ ತಿಳಿಯಬೇಕಾದರೆ ಉಗುರಿನಿಂದ ತೊಗಟೆ ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವ ಇದೆ.

ಅವನು ಕೆರೆದು ನೋಡಿದ ಐದು ಗಿಡಗಳಲ್ಲಿ ಐದೂ ಬದುಕಿದ್ದವು.

ಉಪಗ್ರಹಕ್ಕೆ ಖುಷಿಯಾಗುವಂಥ ಹಸಿರೂ ಕೊಪ್ಪಳದಲ್ಲಿ ಇಲ್ಲದಿಲ್ಲ. ಅದು ಹಳ್ಳದ ದಂಡೆಯಲ್ಲಿದೆ, ಕೆರೆಯಂಗಳದಲ್ಲಿದೆ, ರೈಲು ಹಳಿಯ ಉದ್ದಕ್ಕೂ ಇದೆ. ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ತವರು ಅಮೆರಿಕ ಖಂಡಗಳು. ಭಾರತಕ್ಕೆ ಇದರ ಬೀಜ ಬಂದು, ಕಡಪಾ ಜಿಲ್ಲೆಯ ಕಮಲಾಪುರಂನಲ್ಲಿ ಊರಿದ್ದು 1877ರಲ್ಲಿ. ಆ ಇಸವಿಯನ್ನು ಸುಮ್ಮನೆ ದಾಟಿ ಹೋಗುವಂತಿಲ್ಲ. 1876ರಿಂದ 1878ರವರೆಗೆ ದಖನ್ನನ್ನು ಸುಟ್ಟದ್ದು ಧಾತು-ಈಶ್ವರ ಸಂವತ್ಸರಗಳ ಬರ. ಪೆಸಿಫಿಕ್ ಸಾಗರದ ಮೇಲ್ಮೈ ಕಾದು ಏಷ್ಯಾದಿಂದ ಬ್ರೆಜಿಲ್‌ವರೆಗೆ ಮಳೆಯನ್ನು ಕೆಡಿಸಿದ, ಈಗ ನಾವು ಎಲ್ ನಿನೊ ಎಂದು ಕರೆಯುವ ವಿದ್ಯಮಾನದ ಅತಿ ಬಿರುಸಿನ ಸರದಿಗಳಲ್ಲಿ ಅದೂ ಒಂದು. ನದಿಯಾಚೆಯ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲೇ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲೊಂದು. ಈಚೆಯ ಕೊಪ್ಪಳ ಆಗ ನಿಜಾಮರ ಸೀಮೆ. ಮರ, ಮೇವು, ಸೌದೆ ಯಾವುದೂ ಉಳಿಯದ ನೆಲಕ್ಕೆ ಯಾವ ಬರಕ್ಕೂ ಬಗ್ಗದ ಗಿಡ ಬೇಕೆಂಬ ಹುಡುಕಾಟದ ಕಾಲವದು. ಬರ ಮರಗಳನ್ನು ಕೊಂದದ್ದು ಒಂದು ಪೆಟ್ಟಾದರೆ, ಬರಕ್ಕೆ ಮದ್ದೆಂದು ಬಂದ ಗಿಡ ಇನ್ನೊಂದು ಪೆಟ್ಟಾಯಿತು. ಎರಡನೆಯದು ನೂರೈವತ್ತು ವರ್ಷಗಳ ಬಳಿಕವೂ ಬೀಳುತ್ತಲೇ ಇದೆ. ಅದರ ಸಿಹಿ ಕಾಯಿ ತಿಂದ ದನ-ಕುರಿಗಳೇ ಬೀಜವನ್ನು ಊರೂರಿಗೆ ಹಂಚಿದವು.

ಹಿರೇಹಳ್ಳ ಈ ಜಾಲಿಗೆ ಸಿಕ್ಕಿ ಹೂಳು ತುಂಬಿಕೊಂಡು ಹಳ್ಳವೆಂಬುದೇ ಮರೆತುಹೋಗಿತ್ತು. 2019ರಲ್ಲಿ ಗವಿಮಠದ ಸ್ವಾಮೀಜಿಯವರು ಮುಂದೆ ನಿಂತು, ಊರವರು ಕೈಜೋಡಿಸಿ, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದ ಹಳ್ಳವನ್ನು ಬಿಡಿಸಿದರು. ಜಾಲಿ ಕಿತ್ತದ್ದನ್ನು ಮೇಲಿನಿಂದ ನೋಡಿದ ಉಪಗ್ರಹ ಅದನ್ನು ಕಾಡು ಕಡಿದದ್ದೆಂದೇ ದಾಖಲಿಸಿಕೊಂಡಿರಬೇಕು.

*

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಈ ಜಿಲ್ಲೆಯ ಪಾಲಿಗೆ ಬಂದದ್ದು ಈ ನಾಲ್ಕೇ ತಾಲೂಕು. ಕಾರಟಗಿ, ಕನಕಗಿರಿ, ಕುಕನೂರು ಆಮೇಲೆ ಒಡೆದು ಬಂದವು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಸಹ್ಯಾದ್ರಿ ಪಡುವಣದ ಮೋಡಗಳನ್ನೆಲ್ಲ ಹಿಂಡಿ ಉಳಿದದ್ದನ್ನು ಈಚೆ ಕಳಿಸುತ್ತದೆ. ಜೂನ್-ಜುಲೈನಲ್ಲಿ ಮೋಡಕ್ಕಿಂತ ಗಾಳಿಯೇ ಹೆಚ್ಚು. ನೆಲ ನೆನೆಯುವ ಮಳೆ ಬೀಳುವುದು ಹುಬ್ಬಾ, ಉತ್ತರಾ ನಕ್ಷತ್ರಗಳ ಹೊತ್ತಿಗೆ, ಸೆಪ್ಟೆಂಬರಿನಲ್ಲಿ. ಕಾಡೆಂದು ಬರೆದಿಟ್ಟ ನೆಲ ನೂರಕ್ಕೆ ಐದಾರು ಪಾಲು ಮಾತ್ರ.

ಮುನಿರಾಬಾದ್ ದಾಟಿದ ಬಸ್ಸು ಗಂಗಾವತಿಯ ಹಾದಿ ಹಿಡಿದಾಗ ದೇಶವೇ ಬದಲಾದಂತಾಯಿತು. ಬಸ್ಸಿನ ಎಡಕ್ಕೂ ಬಲಕ್ಕೂ ಗದ್ದೆಗಳು. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟು ಈ ತಾಲೂಕಿನ ಮಟ್ಟಿಗೆ ಹವಾಮಾನವನ್ನೇ ರದ್ದು ಮಾಡಿದೆ ಎನ್ನಬೇಕು. ಎಡದಂಡೆ ಕಾಲುವೆಯ ಯೋಜಕರು ಎಣಿಸಿದ್ದು ಕಡಿಮೆ ನೀರಿನ ಬೆಳೆಗಳನ್ನು, ಬಂದದ್ದು ಭತ್ತ. ಗಂಗಾವತಿಯ ಸೋನಾ ಮಸೂರಿ ಈಗ ಬೆಂಗಳೂರಿನ ಅನ್ನದ ತಟ್ಟೆಯಲ್ಲಿದೆ.

ರದ್ದಾದ ಹವಾಮಾನ ಆಗಾಗ ಬಾಗಿಲು ಬಡಿಯುತ್ತದೆ. 2022ರಲ್ಲಿ ರಾಜ್ಯದ ತುಂಬ ಧಾರಾಕಾರ ಮಳೆ. ಮರುವರ್ಷ, ಎಲ್ ನಿನೊ ಕಾಲಿಟ್ಟ 2023ರಲ್ಲಿ, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂಬ ಘೋಷಣೆ. ಜಲಾಶಯ ತುಂಬಲಿಲ್ಲ. 2024ರಲ್ಲಿ ತುಂಬಿತು, ತುಂಬಿದ ಮೇಲೆ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋಯಿತು. ವಾರದೊಳಗೆ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿ ನೀರನ್ನು ತಡೆದರು. ಮೂರು ವರ್ಷ, ಮೂರು ಬಗೆಯ ಪೆಟ್ಟು. 133 ಟಿಎಂಸಿ ಹಿಡಿಯಬೇಕಿದ್ದ ಜಲಾಶಯ ಈಗ 105ರ ಆಸುಪಾಸಿನಲ್ಲಿದೆ. ಉಳಿದ ಜಾಗದಲ್ಲಿ ಮೇಲ್ಭಾಗದ ನೆಲದಿಂದ ಕಳಚಿಬಂದ ಮಣ್ಣು ಕೂತಿದೆ.

ಆನೆಗೊಂದಿಯ ಬಳಿ ಹೊಳೆ ದಂಡೆಯಲ್ಲಿ ಪ್ರವಾಸಿಗ ಸಂಜೆಯ ತನಕ ಕುಳಿತ. ಹೊಳೆಮತ್ತಿ ಮರಗಳ ಬುಡದ ಬೇರುಗಳು ನೀರಿನ ಕಡೆಯಿಂದ ತೊಳೆದು ಹೋಗಿ, ಬಂಡೆಯನ್ನು ಮುಷ್ಟಿಯಲ್ಲಿ ಹಿಡಿದಂತೆ ಕಾಣುತ್ತಿದ್ದವು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಹಾಮಳೆಯನ್ನೂ, 2019ರ ಆಗಸ್ಟಿನ ನೆರೆಯನ್ನೂ ನೋಡಿದ ಮರಗಳಿವು. ಎದುರು ದಂಡೆಯಲ್ಲಿ ನೀರುನಾಯಿಗಳು ಕಾಣುತ್ತವೆಂದು ಯಾರೋ ಹೇಳಿದ್ದರು. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಅವನಿಗೆ ಕಂಡದ್ದು ತೆಪ್ಪ ತೊಳೆಯುತ್ತಿದ್ದ ಇಬ್ಬರು ಮೀನುಗಾರರು ಮತ್ತು ಒಂದು ಬೆಳ್ಳಕ್ಕಿ.

*

ಮರುದಿನದ ಹಿರೇಬೆಣಕಲ್‌ಗೆ ಈ ಪ್ರವಾಸದಲ್ಲಿ ಒಂದಿಡೀ ಬೆಳಗು ಮೀಸಲು.

ಊರಿನಾಚೆ ಗದ್ದೆಗಳು ತಟ್ಟನೆ ನಿಂತುಬಿಡುತ್ತವೆ. ಕಾಲುವೆಯ ನೀರಿಗೆ ಗುಡ್ಡ ಹತ್ತಲು ಬರುವುದಿಲ್ಲ. ಅಲ್ಲಿಂದ ಮುಂದೆ ಬಂಡೆಯ ಮೇಲೆ ಬಂಡೆ, ನಡುವೆ ಕಾಲುದಾರಿ, ಎರಡು-ಮೂರು ಕಿಲೋಮೀಟರ್ ಏರು. 1835ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಇಲ್ಲಿಗೆ ಬಂದು ಬರೆದ ಮೇಲೆ ಹೊರಜಗತ್ತಿಗೆ ಗೊತ್ತಾದ ಜಾಗ. ಸ್ಥಳೀಯರಿಗೆ ಇದು ಮೋರ್ಯರ ಗುಡ್ಡ. ಚಪ್ಪಡಿ ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿ, ಒಂದು ಗೋಡೆಗೆ ದುಂಡು ಕಿಂಡಿ ಕೊರೆದ ಕಲ್ಲುಮನೆಗಳೂ ಸೇರಿ ನಾಲ್ಕುನೂರಕ್ಕೂ ಮಿಕ್ಕಿದ ಕಲ್ಲಿನ ರಚನೆಗಳು. ಕ್ರಿಸ್ತಪೂರ್ವ 800ರಿಂದ 200ರ ನಡುವಿನವೆಂದು ಅಂದಾಜು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿದೆ. ನಡುವೆ ಒಂದು ಕೆರೆ. ಚಪ್ಪಡಿ ಎಬ್ಬಿಸಿದ ಗುಳಿಯಲ್ಲೇ ನೀರು ನಿಂತು ಆದದ್ದು. ಅಷ್ಟೊಂದು ಜನ ಅಷ್ಟೊಂದು ಕಲ್ಲು ಎಬ್ಬಿಸಿದಾಗ ಸೌದೆ ಎಷ್ಟು ಸುಟ್ಟಿರಬಹುದು? ಬಂಡೆಗೆ ಬೆಂಕಿ ಒಡ್ಡಿ ಸೀಳುವುದು ಈ ಸೀಮೆಯ ಹಳೆಯ ಕಸುಬು. ಈ ಗುಡ್ಡದ ಕಾಡಿಗೆ ಮನುಷ್ಯನ ಪೆಟ್ಟು ಎರಡೂವರೆ ಸಾವಿರ ವರ್ಷಗಳಷ್ಟು ಹಳೆಯದಾದರೂ ಆಗಿರಬೇಕು.

ಕಲ್ಲುಮನೆಗಳ ಸುತ್ತಲಿನ ಮರಗಳೂ ಎಲೆಯಿಲ್ಲದೆ ನಿಂತಿದ್ದವು. ಎಲ್ಲವೂ ಅಲ್ಲ. ಬೇವು ತಾಮ್ರದ ಬಣ್ಣದ ಚಿಗುರಿನಲ್ಲಿತ್ತು. ನಡು ಬೇಸಿಗೆ, ಮಳೆಗೆ ಇನ್ನೂ ಎರಡು ತಿಂಗಳು, ನೆಲ ಕಾದ ಹೆಂಚು. ಆಗ ಚಿಗುರುವುದೆಂದರೆ ಸಾಲ ಮಾಡಿ ಮದುವೆ ಮಾಡಿದಂತೆ. ಆದರೆ ಬಯಲುಸೀಮೆಯ ಎಷ್ಟೋ ಮರಗಳು ಮಾಡುವುದೇ ಹೀಗೆ. ಕೆಲವಕ್ಕೆ ಬಂಡೆಯ ಸೀಳಿನಾಳಕ್ಕೆ ಇಳಿದ ಬೇರಿದೆ. ಗೊದ್ದ, ಧೂಪದಂಥ ಮೆದು ಮರಗಳು ಕಾಂಡದಲ್ಲೇ ನೀರು ಕೂಡಿಟ್ಟಿರುತ್ತವೆ. ಎಲೆ ಉದುರಿಸಿ ಖರ್ಚು ನಿಲ್ಲಿಸಿ, ಉಳಿದ ನೀರಿನಲ್ಲಿ ಮೊದಲ ಮಳೆಗೆ ಮುಂಚೆಯೇ ಅಂಗಡಿ ತೆರೆದು ಕೂರುವ ಜಾಣತನ. ಹೈನಿಶ್‌ನ ಬೀಚ್ ಮರಕ್ಕೆ ಈ ವ್ಯವಹಾರ ಗೊತ್ತಿಲ್ಲ. ಬರ ಬಂದಾಗ ಅದು ಹೆದರಿ ಎಲೆ ಕಂದಾಗಿಸುವುದು ತೀರ ತಡವಾಗಿ.

ಹಾಗಾದರೆ ಬರ ಈ ಮರಗಳನ್ನು ಏನೂ ಮಾಡುವುದಿಲ್ಲವೆ?

ಮಾಡುತ್ತದೆ, ನಿಧಾನವಾಗಿ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ ಬಂಡೀಪುರದ ಪಕ್ಕದ ಮುದುಮಲೈಯಲ್ಲಿ 50 ಹೆಕ್ಟೇರ್ ಒಣ ಎಲೆಯುದುರು ಕಾಡನ್ನು ಗುರುತು ಮಾಡಿ, ಒಂದೊಂದು ಮರಕ್ಕೂ ಸಂಖ್ಯೆಯ ಬಿಲ್ಲೆ ಹೊಡೆದು ಲೆಕ್ಕ ಇಡುತ್ತ ಬಂದಿದ್ದಾರೆ. ಆ ಲೆಕ್ಕದಲ್ಲಿ ಬರದ ಹೊಡೆತ ದೊಡ್ಡ ಮರಗಳ ಸಾವಿನಲ್ಲಿ ಕಂಡದ್ದು ಅದೇ ವರ್ಷವಲ್ಲ, ಕೆಲವು ವರ್ಷ ಕಳೆದು. ಎಳೆಯವನ್ನು ಮುಗಿಸುವುದು ಮುಖ್ಯವಾಗಿ ಬೆಂಕಿ. ಬೆಂಕಿಗೆ ಹುಲ್ಲು ಬೇಕು, ಹುಲ್ಲಿಗೆ ಮಳೆ ಬೇಕು. ಒಳ್ಳೆಯ ಮಳೆಯ ಹಿಂದೆಯೇ ಬಿರು ಬೇಸಿಗೆ ಬಂದರೆ ಗುಡ್ಡ ಹೊತ್ತಿಕೊಳ್ಳಲು ತಯಾರು. ಬೆಂಕಿಯಲ್ಲಿ ಎಳೆ ಗಿಡದ ಮೇಲ್ಭಾಗ ಸತ್ತರೂ ಬೇರು ಸಾಯದೆ ಮತ್ತೆ ಚಿಗುರುತ್ತದೆ, ಮತ್ತೆ ಸುಡುತ್ತದೆ. ಇಪ್ಪತ್ತು ವರ್ಷದ ಬೇರಿನ ಮೇಲೆ ಮೊಣಕಾಲುದ್ದದ ಗಿಡ. ಅದು ಬೆಂಕಿಗೆ ನಿಲುಕದಷ್ಟು, ಆಡಿನ ಬಾಯಿಗೆ ಎಟುಕದಷ್ಟು ಎತ್ತರವಾಗಬೇಕಾದರೆ ಎರಡು-ಮೂರು ಒಳ್ಳೆಯ ವರ್ಷ ಸಾಲಾಗಿ ಬರಬೇಕು. 600 ಮಿಲಿಮೀಟರಿನ ಸೀಮೆಯಲ್ಲಿ ಅಂಥ ಸಾಲು ಎಷ್ಟು ಸಲ ಬಂದೀತು?

ಪ್ರವಾಸಿಗ ಪ್ರಬಂಧವನ್ನು ಚೀಲದಲ್ಲಿ ತಳಕ್ಕೆ ತುರುಕಿ ಒಂದು ಮಕ್ಕಳಾಟಿಕೆ ಶುರುಮಾಡಿದ. ಕಲ್ಲುಮನೆಗಳ ನಡುವೆ ಅಡ್ಡಾಡುತ್ತ, ಬಲಿತ ಮರವೋ ಪೊದೆಯೋ ಕಂಡಾಗಲೆಲ್ಲ ಅದರ ಸುತ್ತ ಅದೇ ಜಾತಿಯ, ತನ್ನ ಸೊಂಟದ ಎತ್ತರದ ಮರಿಯನ್ನು ಹುಡುಕುವುದು. ಬಂದರಿಕೆಗೆ ಸಿಕ್ಕಿತು. ಸೀತಾಫಲಕ್ಕೆ ಬೇಕಾದಷ್ಟು ಸಿಕ್ಕಿತು, ಆಡು ಮೂಸುವುದಿಲ್ಲ ಎಂಬ ಕಾರಣಕ್ಕೆ. ಬೇವಿಗೆ ಕಲ್ಲುಮನೆಯೊಂದರ ಕಿಂಡಿಯೊಳಗೇ ಒಂದು ಸಿಕ್ಕಿತು. ದಿಂಡಿಗಕ್ಕೆ ಸಿಗಲಿಲ್ಲ. ಚುಜ್ಜಲಿಗೆ ಕಡಿದ ಬುಡದಿಂದ ಎದ್ದ ಚಿಗುರುಗಳುಂಟು, ಬೀಜದ ಮರಿ ಒಂದೂ ಇಲ್ಲ. ಒಂದು ಬೆಳಗಿನ ಹುಡುಕಾಟ ವಿಜ್ಞಾನವಾಗುವುದಿಲ್ಲ, ನಿಜ. ಆದರೆ ಇಂಗ್ಲೆಂಡಿನಲ್ಲಿ ಬಿದ್ದ ಮರಗಳನ್ನು ಎಣಿಸಿದವರು ಇಲ್ಲಿ ಏನು ಎಣಿಸಬೇಕೆಂಬುದು ಅವನಿಗೆ ಆಗ ಹೊಳೆಯಿತು. ಈ ಕಾಡಿಗೆ ಬಿದ್ದ ಪೆಟ್ಟು ಇರುವ ಮರಗಳಲ್ಲಿ ಕಾಣದು. ಹುಟ್ಟಿ ಬೆಳೆಯದೆ ಹೋದ ಮರಗಳಲ್ಲಿದೆ. ಅಜ್ಜ-ಅಜ್ಜಿಯರಷ್ಟೇ ಕಾಣುವ ಊರಿನಂತೆ. ಅಂಥ ಊರುಗಳನ್ನು ನೋಡಬೇಕೆಂದರೆ ಗುಳೆಯ ಕಾಲದಲ್ಲಿ ಕುಷ್ಟಗಿಗೆ ಹೋಗಬೇಕು.

*

ಕುಷ್ಟಗಿ ತಾಲೂಕಿಗೆ ಕಾಲುವೆಯ ಭಾಗ್ಯ ಗಂಗಾವತಿಯಂತೆ ಬರಲಿಲ್ಲ. ಮಸಾರಿ ನೆಲದಲ್ಲಿ ಸಜ್ಜೆ, ತೊಗರಿ. ಬೋರ್‌ವೆಲ್ ಕೈಹಿಡಿದವರಿಗೆ ದಾಳಿಂಬೆ. ಕೈಬಿಟ್ಟವರು ಬೆಂಗಳೂರು, ಮಂಗಳೂರು, ಗೋವಾಗಳಿಗೆ ಗುಳೆ. ಬಸ್ ನಿಲ್ದಾಣದಲ್ಲಿ ಗಂಟುಮೂಟೆ, ಹಾಸಿಗೆ ಸುರುಳಿ, ಮಗುವಿನ ಜೋಳಿಗೆ ಸಮೇತ ಕುಳಿತ ಸಂಸಾರಗಳನ್ನು ಕಂಡಾಗ, ಬರದ ಲೆಕ್ಕ ಇಲ್ಲಿ ಮನುಷ್ಯರದ್ದೂ ಹಾಗೆಯೇ ಎಂದು ಅವನಿಗೆ ಹೊಳೆಯದೆ ಇರಲಿಲ್ಲ.

ತಾವರಗೇರಾದ ಆಚೆ ಒಂದು ಕೆಂಗುರಿ ಹಿಂಡು ರಸ್ತೆ ದಾಟಿತು. ಇಟ್ಟಿಗೆ ಬಣ್ಣದ, ಮಾಂಸಕ್ಕೆ ಹೆಸರಾದ ಈ ತಳಿ ಇದೇ ಕೊಪ್ಪಳ-ರಾಯಚೂರು ಸೀಮೆಯದು. ಕಾಯುತ್ತಿದ್ದ ಹಿರಿಯನ ಹೆಗಲ ಮೇಲೆ ಉದ್ದನೆಯ ಕೋಲು, ಅದರ ತುದಿಗೆ ಸಣ್ಣ ಕುಡುಗೋಲು. ಜಾಲಿಯ ರೆಂಬೆ ಎಳೆದು ಕುರಿಗೆ ಕೊಡಲು ಅದು ಬೇಕು. ಬರಗಾಲದಲ್ಲಿ ನೆಲದ ಮೇವು ಮುಗಿದ ಮೇಲೆ ಉಳಿಯುವುದು ಮರವೇ. ಅರಣ್ಯ ಇಲಾಖೆಯ ಕಣ್ಣಿಗೆ ಆ ಕುಡುಗೋಲು ಕಾಡಿನ ಪೆಟ್ಟು. ಕುರಿಗಾಹಿಗೆ ಅದು ಮಳೆ ಬರುವ ತನಕದ ಸೇತುವೆ. ತಂಪು ನಾಡಿನ ಪ್ರಬಂಧ 50 ಸಂರಕ್ಷಿತ ಕಾಡುಗಳನ್ನು ಆರಿಸಿಕೊಂಡದ್ದು ಮನುಷ್ಯನ ಕೈಯಾಟವನ್ನು ಬದಿಗಿಟ್ಟು ಹವಾಮಾನದ ಕೈಯನ್ನು ಮಾತ್ರ ನೋಡಲೆಂದು. ಸರಿಯಾದ ವಿಧಾನವೇ. ಕುಷ್ಟಗಿಯಲ್ಲಿ ಅದು ನಡೆಯದು. ಮಳೆ ತಪ್ಪಿದ ವರ್ಷವೇ ಕುಡುಗೋಲಿಗೂ ಕೊಡಲಿಗೂ ಕೆಲಸ ಹೆಚ್ಚು. ಇಲ್ಲಿ ಹವಾಮಾನ ಕಾಡನ್ನು ಮುಟ್ಟುವುದೇ ಮನುಷ್ಯನ ಕೈಯಿಂದ, ಆಡಿನ ಬಾಯಿಂದ.

ಗಂಗಾವತಿ ಕಡೆಯ ಬಂಕಾಪುರದಲ್ಲಿ ತೋಳಗಳಿಗಾಗಿ ಮೀಸಲಿಟ್ಟ ಕುರುಚಲು ಇದೆ. ತೋಳಕ್ಕೆ ದಟ್ಟ ಕಾಡು ಬೇಡ, ಬಯಲು ಬೇಕು. ಗಿಡ ನೆಡುವ ಉತ್ಸಾಹಿಗಳು ಎಲ್ಲ ಬಯಲನ್ನೂ ಹಾಳುಬಿದ್ದ ಕಾಡೆಂದುಕೊಂಡರೆ ಹುಲ್ಲುಗಾವಲಿಗೂ ತೋಳಕ್ಕೂ ಅದೇ ಪೆಟ್ಟಾಗುತ್ತದೆ.

ಕಬ್ಬರಗಿಯ ಕಪಿಲತೀರ್ಥಕ್ಕೆ ಹೋಗಿ ನೋಡಿದರೆ ಜಲಪಾತದಲ್ಲಿ ಜಲವಿರಲಿಲ್ಲ. ಏಪ್ರಿಲಿನಲ್ಲಿ ಇರಬೇಕೆಂದು ಬಯಸಿದ್ದೇ ತಪ್ಪು. ಬಂಡೆಯ ಗೋಡೆಗೆ ನೀರು ಬರೆದ ಕಪ್ಪು ಗೆರೆಗಳಷ್ಟೇ ಉಳಿದಿದ್ದವು. ಕೊರಕಲಿನ ತಳದಲ್ಲಿ ಮಾತ್ರ ಒಂದು ಅತ್ತಿ ಮರ ತುಂಬು ಹಸಿರಾಗಿ, ಹಣ್ಣು ಬಿಟ್ಟು, ಹಕ್ಕಿಗಳ ಸಂತೆ ನೆರೆಸಿಕೊಂಡು ನಿಂತಿತ್ತು. ಅಲ್ಲಿ ನೆರಳಲ್ಲಿ ಹೋಳಿಗೆ ಮುಗಿಯಿತು.

ಆ ಸಂಜೆ ಹನುಮಸಾಗರದ ಹಾದಿಯಲ್ಲಿ ಅಡ್ಡಮಳೆ. ಮೊದಲು ಧೂಳಿನ ಗೋಡೆ, ಆಮೇಲೆ ಗಾಳಿ, ಕಡೆಗೆ ನಾಲ್ಕು ದಪ್ಪ ಹನಿ. ತಗಡಿನ ಶೆಡ್ಡೊಂದರ ಚಾವಣಿ ಮಗುಚಿತು. ರಸ್ತೆ ಬದಿಯಲ್ಲಿ ಇಲಾಖೆಯವರು ನೆಟ್ಟ, ಬೇಸಿಗೆಯಲ್ಲೂ ತುಂಬು ಎಲೆ ಹೊತ್ತ ಎರಡು ಮರ ಬುಡಮೇಲಾಗಿ ಬಸ್ಸು ಅರ್ಧ ಗಂಟೆ ನಿಂತಿತು. ಗುಡ್ಡದ ಬೋಳು ಮರಗಳ ನಡುವೆ ಅದೇ ಗಾಳಿ ಸೀಟಿ ಹೊಡೆದುಕೊಂಡು ಸಾಗಿತ್ತು. 1987ರ ಇಂಗ್ಲೆಂಡಿನ ಪಾಠ ಕುಷ್ಟಗಿಯ ರಸ್ತೆಯಲ್ಲೇ ಸಿಕ್ಕಿತಲ್ಲ ಎಂದು ಅವನು ಸಹ ಪ್ರಯಾಣಿಕರಿಗೆ ಹೇಳಲು ಹೋಗಲಿಲ್ಲ. ಅವರೆಲ್ಲ ಮರದ ಕೊಂಬೆ ಎಳೆಯುವುದರಲ್ಲಿದ್ದರು.

ಇಂಗ್ಲೆಂಡಿನ ಆ ಬಿರುಗಾಳಿಯ ಕತೆಗೆ ಒಂದು ಬಾಲವೂ ಉಂಟು. ಬಿದ್ದ ಮರಗಳನ್ನು ಯಂತ್ರ ತಂದು ಚೊಕ್ಕಟವಾಗಿ ಎಳೆದು ಹಾಕಿದ ಎಷ್ಟೋ ಕಡೆ ಗಾಳಿಗಿಂತ ತೆರವು ಕೆಲಸವೇ ಕಾಡಿಗೆ ಹೆಚ್ಚು ಹಾನಿ ಮಾಡಿತು. ಬಿದ್ದದ್ದನ್ನು ಬಿದ್ದಲ್ಲೇ ಬಿಟ್ಟ ಕಡೆ ಬೆಳಕಿನ ಕಿಂಡಿಯಲ್ಲಿ ಮರಿಗಳು ಮುಗಿಬಿದ್ದು ಬಂದವು. ತಂಪು ಕಾಡಿಗೆ ಮರ ಬೀಳುವುದೆಂದರೆ ಮರಿಗಳಿಗೆ ಜಾಗ ಸಿಗುವುದು. ಒಣ ಗುಡ್ಡದಲ್ಲಿ ಜಾಗಕ್ಕೆಂದೂ ಬರವಿಲ್ಲ, ಬೆಳಕಿಗೂ ಇಲ್ಲ.

*

ಯಲಬುರ್ಗಾ ತಾಲೂಕಿನಲ್ಲಿ ಗುಡ್ಡ ಕಡಿಮೆ, ಎರೆ ಹೊಲ ಹೆಚ್ಚು. ಹೊಲಗಳ ಮೇಲೆ ಗಾಳಿಯಂತ್ರಗಳ ಬಿಳಿ ರೆಕ್ಕೆ. ಮುಂಗಾರಿನಲ್ಲಿ ಮಳೆ ತರದೆ ಧೂಳು ತರುತ್ತಿದ್ದ ಪಡುವಣ ಗಾಳಿಗೆ ಕೊನೆಗೂ ಒಂದು ಬೆಲೆ ಬಂದಿದೆ. ಮರಗಳು ಬದುವಿನ ಮೇಲೆ ಒಂಟೊಂಟಿ: ಬೇವು, ಬನ್ನಿ, ಜಾಲಿ. ಬನ್ನಿಯನ್ನು ದಸರೆಗೆ ಪೂಜಿಸುತ್ತಾರೆ, ಹಾಗಾಗಿ ಕಡಿಯುವುದಿಲ್ಲ. ಬೇವು ನೆರಳಿಗೆ ಬೇಕು. ಕಾಡಿಗಿಂತ ಬದುವಿನ ಮೇಲೆಯೇ ಮರಿಗಳು ಹೆಚ್ಚು ಕಂಡವೆಂಬುದು ಪ್ರವಾಸಿಗನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಬೇಕಾದ ಸಂಗತಿ. ಕಾವಲಿರುವುದು ಅಲ್ಲಿಯೇ ಅಲ್ಲವೆ.

ಇಟಗಿಯ ಮಹಾದೇವ ದೇವಾಲಯದ ನೆರಳಲ್ಲಿ ಮಧ್ಯಾಹ್ನ ಕಳೆಯಿತು. 1112ರಲ್ಲಿ ದಂಡನಾಯಕ ಮಹಾದೇವ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದ ಗುಡಿ. ಸುತ್ತ ಬಯಲು. ಒಂಬೈನೂರು ಚಿಲ್ಲರೆ ಬೇಸಿಗೆಗಳನ್ನು ಕಂಡ ಕಲ್ಲಿನ ಕಂಬಗಳು ಒಳಗೆ ತಣ್ಣಗಿದ್ದವು.

ಕೊನೆಯ ದಿನ ಕಿನ್ನಾಳ.

ಇಲ್ಲಿನ ಚಿತ್ರಗಾರರ ಮನೆಗಳಲ್ಲಿ ಗರುಡ, ಗಣಪ, ಆನೆ, ಕುದುರೆ, ಹಕ್ಕಿಗಳು ಅರ್ಧ ಬಣ್ಣದಲ್ಲಿ ಕುಳಿತಿರುತ್ತವೆ. 2012ರಲ್ಲಿ ಈ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿತು. ಮರದ ಪುಡಿ, ಗೋಣಿ ನಾರು, ಹುಣಸೆ ಬೀಜದ ಅಂಟು ಸೇರಿಸಿ ಅರೆದ ‘ಕಿಟ್ಟ’ದಿಂದ ಬೊಂಬೆಯ ಮೈ ತುಂಬಿಸಿ, ಒಣಗಿಸಿ, ಬಣ್ಣ ಹಚ್ಚುತ್ತಾರೆ. ಒಳಗಿನ ಮರ ಪೊಳಕಿ. ಆಂಧ್ರದ ಕೊಂಡಪಲ್ಲಿ ಬೊಂಬೆಯವರು ತೆಲ್ಲ ಪೊಣಿಕಿ ಎನ್ನುವ ಮರಕ್ಕೂ ಇದಕ್ಕೂ ಹೆಸರಿನಲ್ಲೇ ನಂಟು ಕೇಳಿಸುತ್ತದೆ. ಒಣ ಬಂಡೆ ಗುಡ್ಡಗಳ ಮರವದು. ಬೇಸಿಗೆಯಲ್ಲಿ ಪೂರ್ತಿ ಬೋಳಾಗಿ ನಿಲ್ಲುವಂಥದ್ದು. ಅದರ ಬೀಜದ ಕವಚ ಗಟ್ಟಿ, ಸುಲಭಕ್ಕೆ ಮೊಳೆಯುವುದಿಲ್ಲ. ಮರ ಸಿಗುವುದು ಮೊದಲಿನಷ್ಟು ಸಲೀಸಲ್ಲ ಎಂಬ ಮಾತು ಕಿನ್ನಾಳದಲ್ಲಿ ಯಾರ ಜಗುಲಿಯ ಮೇಲೆ ಕುಳಿತರೂ ಕಿವಿಗೆ ಬೀಳುತ್ತದೆ.

ಇನ್ನೂ ಬಣ್ಣ ಕಾಣದ ಒಂದು ಗಿಣಿಯನ್ನು ಕೈಗೆ ಕೊಟ್ಟರು. ಅಂಗೈಯಲ್ಲಿ ಅದು ಇದ್ದೂ ಇಲ್ಲದಂತಿತ್ತು, ಹತ್ತಿಯಷ್ಟು ಹಗುರ. ಗಟ್ಟಿ ಮರಕ್ಕಿಂತ ಇಂಥ ಮೆದು ಮರದ ಕಾಂಡಕ್ಕೆ ನೀರು ಹಿಡಿದಿಡಲು ಹೆಚ್ಚು ಜಾಗ. ಬದುಕಿದ್ದಾಗ ಬೇಸಿಗೆ ದಾಟಿಸುವ ಕೊಡವಾಗಿದ್ದದ್ದು, ಕಡಿದು ಒಣಗಿಸಿದ ಮೇಲೆ ನೀರು ಹೋಗಿ ಬರೀ ಕೊಡವಾಗಿ ಉಳಿಯುತ್ತದೆ. ಪ್ರವಾಸಿಗ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಹಿತ್ತಲಿನಲ್ಲಿ ಒಂದು ಪೊಳಕಿ ಸಸಿ ಎಬ್ಬಿಸಿದ್ದಾರೇನೋ ಎಂದು ಕೇಳಿ, ಅವರು ತೋರಿಸಿದ ಕಡೆ ಹೋದ. ಮುರಿದ ಮಣ್ಣಿನ ಗಡಿಗೆಯೊಂದರಲ್ಲಿ ಗೇಣುದ್ದದ ಕಡ್ಡಿ ನಿಂತಿತ್ತು. ಎಲೆ ಇರಲಿಲ್ಲ. ಅವನು ಬಗ್ಗಿ, ಉಗುರಿನಿಂದ ತೊಗಟೆಯನ್ನು ಒಂದಿಷ್ಟೇ ಕೆರೆದ.